ಟೈರಿಗೆ ಮಿಂಚು, ನಮಗೆ ನಡುಕ

ಕಪ್ಪಗಿರೋ ಟೈರನ್ನು ಇನ್ನಷ್ಟು ಕಪ್ಪಗೆ ಮಾಡಿಕೊಳ್ಳೋದಕ್ಕೆ ಜನ ಹುಡುಕಿಕೊಂಡು ಬರುವ ಅಂಗಡಿ ನಮ್ಮದು. ಮಾರೇನಹಳ್ಳಿಯಲ್ಲಿ ಕಾರಿನ ಸೀಟ್ ಕವರ್, ಮ್ಯಾಟು, ಟೈರ್ ಪಾಲಿಶ್ ಮಾರ್ತೀವಿ. ಗಲ್ಲಾದಲ್ಲಿ ನಾನು, ಫಿಟ್ಟಿಂಗ್ ಕೆಲಸಕ್ಕೆ ನಮ್ಮನೆಯವರು. ಇಂಥ ಅಂಗಡೀಲಿ ಏನು ಮಹಾ ನಡೆಯುತ್ತೆ ಅಂತೀರಾ? ಏನಾದರೊಂದು ನಡೀತಾನೇ ಇರುತ್ತೆ. ಆಮೇಲೆ ನೆನೆಸಿಕೊಂಡು ನಗೋದು ನಿಜ. ನಡೆಯುವಾಗ ಮಾತ್ರ ನನ್ನ ಬಾಯಿ ಒಣಗಿರುತ್ತೆ.

ಬಿಳಿ ಪಂಚೆ

ಕೆಂಗೇರಿ ಕಡೆಯಿಂದ ದೊಡ್ಡ ಮೀಸೆಯ ಹಿರಿಯರೊಬ್ಬರು ದೊಡ್ಡ ಗಾಡಿಯಲ್ಲಿ ಬಂದರು. ಮೈಮೇಲೆ ಗರಿಗರಿ ಬಿಳಿ ಪಂಚೆ.

"ಮಗನಿಗೆ ಹೆಣ್ಣು ನೋಡೋಕೆ ಹೋಗ್ತಾ ಇದೀವಿ ಕಣಮ್ಮ. ಅವರ ಗೇಟಿಗೆ ಬಂದಾಗ ಟೈರು ಫಳಫಳ ಅನ್ಬೇಕು."

ಪಾಲಿಶ್‌ನಲ್ಲಿ ಎರಡು ಥರ. ಒಂದು ನೀರಿನಂಶದ್ದು, ನೋಡೋಕೆ ಹಾಲಿನ ಹಾಗಿರುತ್ತೆ, ಒಣಗಿದರೆ ಟೈರಿಗೆ ಹೊಸದರ ಕಪ್ಪು ಬರುತ್ತೆ. ಇನ್ನೊಂದು ಎಣ್ಣೆಯಂಥದ್ದು, ಕನ್ನಡಿಯ ಹಾಗೆ ಮಿಂಚುತ್ತೆ, ಆದರೆ ಬೇಗ ಒಣಗಲ್ಲ.

"ನೀರಿನಂಶದ್ದು ತಗೊಳ್ಳಿ ಅಣ್ಣ. ಎಣ್ಣೇದಾದ್ರೆ ಹಚ್ಚಿ ಒಂದಷ್ಟು ಹೊತ್ತು ಬಿಡ್ಬೇಕು" ಅಂದೆ.

"ಜಾಸ್ತಿ ಮಿಂಚೋದು ಯಾವ್ದು?"

"ಎಣ್ಣೇದು."

"ಅದೇ ಹಚ್ಚಿ."

ರಾಹುಕಾಲ ಶುರುವಾಗೋದರಲ್ಲಿತ್ತು. ಒಣಗೋಕೆ ಬಿಡದೆ ಹೊರಟೇಬಿಟ್ಟರು.

ಮಾರನೇ ದಿನ ಬಂದವರು ಪ್ಲಾಸ್ಟಿಕ್ ಕವರ್ ಒಂದನ್ನ ನನ್ನ ಮುಂದೆ ದಪ್ಪಂತ ಹಾಕಿದರು. ಒಳಗೆ ಅದೇ ಪಂಚೆ. ಹಿಂಭಾಗದಲ್ಲಿ ಕರೀ ಅರ್ಧಚಂದ್ರ.

"ಗಾಡಿ ಇಳಿಯುವಾಗ ಟೈರಿಗೆ ತಾಗಿದೆ. ಗೊತ್ತಾಗ್ಲಿಲ್ಲ. ಸೀದಾ ಹೋಗಿ ಅವರ ಸೋಫಾ ಮೇಲೆ ಕೂತೆ. ಕೆನೆ ಬಣ್ಣದ ಸೋಫಾ! ಎದ್ದಾಗ ಹೆಣ್ಣಿನ ತಾಯಿ ಒಂದ್ಸಲ ಸೋಫಾ ನೋಡಿದ್ರು, ಒಂದ್ಸಲ ನನ್ನ ನೋಡಿದ್ರು."

ಹೊರಗೆ ನಮ್ಮನೆಯವರ ಸುತ್ತಿಗೆ ಸದ್ದು ನಿಂತುಹೋಯಿತು. ನಾನು ಮೆಲ್ಲಗೆ ಕೇಳಿದೆ, "ಸಂಬಂಧ ಮುರಿದು ಬಿತ್ತಾ ಅಣ್ಣ?"

"ಮುರಿದಿದ್ರೆ ಸೋಫಾ ಹಾಳಾಗ್ಹೋಗ್ಲಿ ಅಂತ ಮನೇಲಿರ್ತಿದ್ದೆ. ಕುದುರ್ಬಿಟ್ಟಿದೆಯಲ್ಲಮ್ಮ! ಕಲೆ ತೆಗೆಯೋಕೆ ಏನಿದೆ ಕೊಡು!"

ಬ್ರೇಕು

ಬಸವೇಶ್ವರನಗರದ ಒಬ್ಬ ಹೆಣ್ಣುಮಗಳು, ಹೊಸದಾಗಿ ಕಾರು ಕಲಿತವಳು, ನಮ್ಮಲ್ಲಿ ಪಾಲಿಶ್ ತಗೊಂಡು ಹೋಗಿದ್ದಳು. ಒಂದು ಮಧ್ಯಾಹ್ನ ಅವಳ ಕಾರು ನಮ್ಮ ಅಂಗಡಿ ಕಡೆ ತಿರುಗಿತು. ಪಕ್ಕದಲ್ಲಿ ಅವಳ ಅತ್ತೆ. ನಾನು ನಗುತ್ತಾ ಕೈ ಎತ್ತಿದೆ.

ಕಾರು ನಿಲ್ಲಲಿಲ್ಲ.

ಮೆಲ್ಲಗೇ ಬರ್ತಾ ಇತ್ತು, ಆದರೆ ಬರ್ತಾನೇ ಇತ್ತು. ಒಳಗೆ ಅತ್ತೆ ಎರಡೂ ಕೈ ಮುಗಿದುಕೊಂಡಿದ್ದು ಕಾಣಿಸಿತು. "ಪಕ್ಕಕ್ಕೆ ಬಾರೇ!" ಅಂತ ನಮ್ಮನೆಯವರು ಕೂಗಿದರು. ನನ್ನ ಕಾಲು ಕಿತ್ತಿಡೋಕೇ ಬರಲಿಲ್ಲ. ಮುಂದೆ ಪೇರಿಸಿಟ್ಟಿದ್ದ ಮ್ಯಾಟುಗಳ ರಾಶಿಗೆ ಕಾರು ಮೂತಿ ಒತ್ತಿ ನಿಂತಿತು. ನನಗೂ ಅದಕ್ಕೂ ನಡುವೆ ಒಂದು ಗಲ್ಲಾಪೆಟ್ಟಿಗೆ.

ಹುಡುಗಿ ಬೆವೆತು ಇಳಿದಳು. "ಆಂಟಿ, ಬ್ರೇಕ್ ಮೇಲೆ ಕಾಲೇ ನಿಲ್ತಿಲ್ಲ ಆಂಟಿ."

ನಮ್ಮನೆಯವರು ಬಗ್ಗಿ ನೋಡಿದರು. ಪೆಡಲ್‌ಗಳು ಶೋರೂಮಿನಲ್ಲೂ ಅಷ್ಟು ಮಿಂಚಿರಲಾರವು.

"ರಬ್ಬರಿಗೆ ಹಚ್ಚಿ ಅಂತ ಡಬ್ಬದ ಮೇಲಿತ್ತು. ಪೆಡಲ್ಲೂ ರಬ್ಬರೇ ಅಲ್ವಾ ಅಂತ..." ಅವಳ ಕಣ್ಣಲ್ಲಿ ನೀರು. ನಮ್ಮನೆಯವರು ಸೋಪಿನ ನೀರು ತಂದು ಉಜ್ಜಿ ಒರೆಸತೊಡಗಿದರು.

ಅಷ್ಟರಲ್ಲಿ ಅತ್ತೆ ಇಳಿದು, ಸೆರಗು ಸರಿಮಾಡಿಕೊಂಡು, ನನಗೆ ಹೇಳಿದರು: "ಮನೇಲಿ ಒಂದು ಪಾತ್ರೆ ಫಳಫಳ ಅನ್ನೋ ಹಾಗೆ ಉಜ್ಜಿದೋಳಲ್ಲ. ಇವತ್ತು ಬ್ರೇಕ್ ಉಜ್ಜಿದಾಳೆ ನೋಡಿ!"

ಗಟ್ಟಿ ಹಾಲು

ಹೊಸ ಕಾರಿನವರೊಬ್ಬರು ನಮ್ಮ ಅಂಗಡಿ ಮುಂದೆಯೇ ಪೂಜೆ ಇಟ್ಟುಕೊಂಡರು. ನಮ್ಮನೆಯವರು ಹಾಲಿನಂಥ ಆ ಪಾಲಿಶನ್ನ ಸ್ಟೀಲ್ ಬಟ್ಟಲಿಗೆ ಸುರಿದುಕೊಂಡು ಟೈರಿಗೆ ಹಚ್ಚಿ, ಮಿಕ್ಕಿದ್ದನ್ನ ಚಕ್ರದ ಪಕ್ಕದಲ್ಲೇ ಬಿಟ್ಟಿದ್ದರು. ಪುರೋಹಿತರು ತೀರ್ಥಕ್ಕೆ ಇಟ್ಟಿದ್ದ ಹಾಲಿನ ಬಟ್ಟಲೂ ಸ್ಟೀಲಿನದೇ, ಅದೂ ಅಲ್ಲೇ ಇತ್ತು.

ಮಂಗಳಾರತಿ ಆಯಿತು. ಮನೆಯ ಹಿರಿಯಜ್ಜ ತೀರ್ಥಕ್ಕೆ ಅಂಗೈ ಚಾಚಿದರು. ಪುರೋಹಿತರು ಉದ್ಧರಣೆಯನ್ನ ಅದ್ದಿದ್ದು ಯಾವ ಬಟ್ಟಲಿಗೆ ಅಂತ ನೋಡಿದೆ. ಜೀವ ಬಾಯಿಗೆ ಬಂತು. ಅಜ್ಜನ ಅಂಗೈಗೆ ಬಿತ್ತು. ಕೈ ತುಟಿಯ ಕಡೆ ಏರುತ್ತಾ ಇದೆ.

"ಅಜ್ಜಾ, ಅದು ಟೈರಿಂದು!"

ಹಾಗಂತ ಓಡಿಹೋಗಿ ಕೈಗೆ ಹೊಡೆದೇಬಿಟ್ಟೆ. ಬಿಳೀ ಹನಿಗಳು ಬಾನೆಟ್ ಮೇಲೆ ಹಾರಿದವು. ಪುರೋಹಿತರು ಬಟ್ಟಲನ್ನ ಎತ್ತಿ ಮೂಸಿ ನೋಡಿ ನಿಧಾನಕ್ಕೆ ಕೆಳಗಿಟ್ಟರು.

"ನನಗೂ ಅನುಮಾನ ಬಂದಿತ್ತಮ್ಮ. ಈ ಬೆಂಗಳೂರಲ್ಲಿ ಇಷ್ಟು ಗಟ್ಟಿ ಹಾಲು ಎಲ್ಲಿ ಸಿಗುತ್ತೆ?"

ರ‍್ಯಾಂಪು

ಆರ್‌ಪಿಸಿ ಲೇಔಟಿನಲ್ಲಿ ನಾವಿರುವ ಕಟ್ಟಡಕ್ಕೆ ಪಾರ್ಕಿಂಗ್ ನೆಲಮಾಳಿಗೆಯಲ್ಲಿ. ಮೇಲೆ ರಸ್ತೆಗೆ ಬರೋಕೆ ಕಡಿದಾದ ರ‍್ಯಾಂಪು. ನಮ್ಮ ಪಕ್ಕದ ಮನೆಯ ಹುಡುಗನ ಹೆಂಡತಿಗೆ ದಿನ ತುಂಬಿತ್ತು. ಅವಳ ತಾಯಿ ಬಾಣಂತನಕ್ಕೆ ಬಂದಿದ್ದರು. ಹುಡುಗನಿಗೆ ಟೆನ್ಷನ್. ಟೆನ್ಷನ್ ಆದಾಗೆಲ್ಲ ಕಾರು ತೊಳೆಯುತ್ತಿದ್ದ.

"ಮಗು ಮನೆಗೆ ಬರುವಾಗ ಕಾರು ಹೊಸದರ ಥರ ಇರ್ಬೇಕು ಅಕ್ಕಾ" ಅಂತ ನನ್ನಿಂದಲೇ ಎಣ್ಣೆ ಪಾಲಿಶ್ ಒಯ್ದಿದ್ದ.

"ಟೈರಿನ ಪಕ್ಕಕ್ಕೆ ಮಾತ್ರ ಹಚ್ಚಪ್ಪ. ನೆಲಕ್ಕೆ ತಾಗೋ ಕಡೆ ಹಚ್ಬೇಡ, ಜಾರುತ್ತೆ" ಅಂತ ಹೇಳಿ ಕಳಿಸಿದ್ದೆ.

ಒಂದು ಬೆಳಿಗ್ಗೆ ನಾನು ಅಂಗಡಿಗೆ ಹೊರಡುವಾಗ ಅವನ ಹೆಂಡತಿಗೆ ನೋವು ಶುರುವಾಯಿತು. ಅವಳ ತಾಯಿ, ನಾನು ಸೇರಿ ಅವಳನ್ನ ಕೆಳಗಿಳಿಸಿ ಹಿಂದಿನ ಸೀಟಿನಲ್ಲಿ ಒರಗಿಸಿದೆವು. ಹುಡುಗ ಗಾಡಿ ಸ್ಟಾರ್ಟ್ ಮಾಡಿ ರ‍್ಯಾಂಪಿಗೆ ಏರಿಸಿದ. ಮಳೆ ಬಂದು ರ‍್ಯಾಂಪು ಒದ್ದೆಯಾಗಿತ್ತು. ಚಕ್ರ ಗಿರ್ರನೆ ತಿರುಗಿತು, ಕಾರು ಮಾತ್ರ ಹಿಂದಕ್ಕೆ ಜಾರಿತು. ಮತ್ತೆ ಏರಿಸಿದ. ಮತ್ತೆ ಜಾರಿತು.

"ಟೈರ್ ಪೂರ್ತಿ ಹಚ್ಚಿದ್ಯೇನೋ?" ಅಂದೆ ಕಿಟಕಿ ಬಡಿದು.

"ಅರ್ಧಂಬರ್ಧ ಕೆಲಸ ನನಗೆ ಆಗಲ್ಲ ಅಕ್ಕಾ!" ಅಂದವನು ಗಾಜು ಏರಿಸಿ ಆಕ್ಸಿಲರೇಟರ್ ತುಳಿದ.

ಒಳಗೆ ಹುಡುಗಿ ಹಲ್ಲು ಕಚ್ಚಿಕೊಂಡಿದ್ದಳು. ಅವಳ ತಾಯಿ ಅಳೋಕೆ ಶುರುಮಾಡಿದರು. ಕಾರು ಇನ್ನೊಂದು ಸಲ ಜಾರಿ ಕೆಳಗೆ ಬಂದು ನಿಂತಾಗ, ಹುಡುಗಿ ತಾನೇ ಬಾಗಿಲು ತೆಗೆದು ಇಳಿದಳು. "ಅಕ್ಕಾ, ಕೈ ಕೊಡಿ. ಇವರನ್ನ ನಂಬಿಕೊಂಡ್ರೆ ಮಗು ಇಲ್ಲೇ ಹುಟ್ಟುತ್ತೆ."

ನಾನೊಂದು ಕಡೆ, ತಾಯಿ ಒಂದು ಕಡೆ ಹಿಡಿದುಕೊಂಡು ಲಿಫ್ಟಿನಲ್ಲಿ ಮೇಲಕ್ಕೆ ಹೊರಟೆವು. "ಆಟೋದಲ್ಲಿ ಹೋಗ್ತೀವಿ ಕಣೋ!" ಅಂತ ಕೂಗಿದೆ. ಅವನು ರ‍್ಯಾಂಪಿನಿಂದ ಕಣ್ಣು ಕೀಳದೆ ತಲೆಯಾಡಿಸಿದ.

ಆಟೋದವನು ಹುಡುಗಿಯನ್ನ ನೋಡಿದವನೇ, ಎಲ್ಲಿಗೆ ಅಂತಲೂ ಕೇಳದೆ ಹೊರಟ. ಹಂಪ್ ಬಂದಾಗೆಲ್ಲ ನಾವು ಮೂವರೂ ಉಸಿರು ಹಿಡಿದೆವು. ಆಸ್ಪತ್ರೆ ಸೇರಿ ಅವಳನ್ನ ಒಳಗೆ ಮಲಗಿಸಿದ ಮೇಲೆ, ಅವಳ ಗಂಡ ಬಂದರೆ ಒಳಗೆ ಕರೆದುಕೊಂಡು ಬರೋಣ ಅಂತ ನಾನು ಬಾಗಿಲಿಗೆ ಬಂದೆ.

ಸ್ವಲ್ಪ ಹೊತ್ತಿಗೆ ಅವನ ಕಾರು ಬಂತು. ವಾಚ್‌ಮನ್ ರ‍್ಯಾಂಪಿಗೆ ಮರಳು ಎರಚಿದ ಮೇಲೆ ಏರಿತಂತೆ. ಏರಿದ್ದೇ ತಡ, ಹಿಂದೆ ತಿರುಗಿ ನೋಡದೆ ಹಾರ್ನ್ ಒತ್ತಿಕೊಂಡು ಬಂದಿದ್ದಾನೆ. ಗಾಜು ಇಳಿದಿತ್ತು. ಅವನ ದನಿ ನನಗೂ ಕೇಳಿಸಿತು: "ಉಸಿರು ಎಳ್ಕೋ ಚಿನ್ನಾ... ಬಿಡು... ಬಂದೇಬಿಟ್ವಿ, ಇನ್ನೇನಿಲ್ಲ... ಎಳ್ಕೋ..."

ಇಳಿದು ವೀಲ್‌ಚೇರ್ ವೀಲ್‌ಚೇರ್ ಅಂತ ಕಿರುಚಿದ. ನರ್ಸು ತಳ್ಳಿಕೊಂಡು ಓಡಿಬಂದು ಹಿಂದಿನ ಬಾಗಿಲು ತೆಗೆದಳು. ಒಳಗೆ ಒಂದು ಬ್ಯಾಗು, ಒಂದು ದಿಂಬು, ಒಂದು ಫ್ಲಾಸ್ಕು.

"ಸಾರ್, ಪೇಷೆಂಟ್ ಎಲ್ಲಿ?"

ಅವನು ಬಗ್ಗಿ ನೋಡಿದ. ದಿಂಬು ಎತ್ತಿ ಅದರ ಕೆಳಗೂ ನೋಡಿದ. ಮುಖ ಬಿಳಿಚಿಕೊಂಡಿತು. ನಾನು "ಅವಳು ಒಳಗಿದಾಳೆ ಕಣಪ್ಪ" ಅನ್ನೋ ಹೊತ್ತಿಗೆ ಕುಸಿದೇಬಿಟ್ಟ. ನರ್ಸು, ನಾನು ಸೇರಿ ಅವನನ್ನೇ ಆ ವೀಲ್‌ಚೇರಿಗೆ ಎತ್ತಿ ಹಾಕಿದೆವು.

ಅವರಿಗೆ ಹೆಣ್ಣುಮಗು ಹುಟ್ಟಿದ್ದು ಸಂಜೆಗೆ. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಆದರೆ ಆ ವಾರ್ಡಿನವರೆಲ್ಲ ಬಿದ್ದು ಬಿದ್ದು ನಕ್ಕಿದ್ದು ಅದಕ್ಕೂ ಮೊದಲೇ. ಅವನನ್ನ ತಳ್ಳಿಕೊಂಡು ಒಳಗೆ ಹೋದಾಗ, ಅವಳು ನೋವಿನ ನಡುವೆಯೇ ಕಣ್ಣು ತೆರೆದು ಗಂಡನನ್ನ ನೋಡಿ ಕೇಳಿದಳು:

"ಇವ್ರಿಗೂ ನೋವು ಶುರುವಾಯ್ತಾ?"