ಭಾವನ ಕಡಲಣ್ಣ, ಅಕ್ಕನ ಸಮುದ್ರಯಾನ

"ಇನ್ಮೇಲೆ ಈ ಮನೇಲಿ ವಾಂತಿ ಅನ್ನೋ ಮಾತನ್ನ ಯಾರೂ ಎತ್ತಕೂಡ್ದು!" ಎಂದು ಘೋಷಿಸಿ, ಸೋಮಾರಾಧ್ಯ ಭಾವ ಊಟದ ಮೇಜಿನ ಮೇಲಿದ್ದ ಟವೆಲನ್ನು ಸರಕ್ಕನೆ ಎಳೆದರು.

ಟವೆಲಿನ ಅಡಿಯಲ್ಲಿ ಒಂದು ದೊಡ್ಡ ಇಡ್ಲಿ ಪಾತ್ರೆಯಿತ್ತು. ಅದರ ನೆತ್ತಿಯ ಮೇಲೆ ಛತ್ರಿಯ ಕಡ್ಡಿಗಳು ಅರಳಿ ನಿಂತಿದ್ದವು. ಹೊಟ್ಟೆಗೊಂದು ಫ್ಯಾನಿನ ರೆಗ್ಯುಲೇಟರ್, ಬೆನ್ನಿಗೊಂದು ಸ್ಪೀಕರ್.

"ಅಯ್ಯೋ, ನನ್ನ ಇಡ್ಲಿ ಪಾತ್ರೆ!" ಅಕ್ಕ ಚೀರಿದಳು. "ಮನೆಯೆಲ್ಲಾ ಜಾಲಾಡಿದ್ನಲ್ಲ!"

"ಇಡ್ಲಿ ಪಾತ್ರೆ ಅನ್ಬೇಡ ಕಣೇ, ಪಾಪ, ಬೇಜಾರು ಮಾಡ್ಕೊಳುತ್ತೆ. ಇದರ ಹೆಸರು ಕಡಲಣ್ಣ!"

ಅಕ್ಕ ನನ್ನ ಮುಖ ನೋಡಿದಳು. ನಾನು ಸೂರು ನೋಡಿದೆ. ಸೂರಿನಲ್ಲಿ ಒಂದು ರೊಟ್ಟಿ ಈಗಲೂ ಅಂಟಿಕೊಂಡಿದೆ. ಅದು ಭಾವನ ಹಿಂದಿನ ಯಂತ್ರದ ನೆನಪು.

ನನ್ನ ಅಕ್ಕ ಸರ್ವಮಂಗಳಾ ಭೂಗೋಳದ ಮೇಡಂ. ಮೈಸೂರಿನ ಅರ್ಧ ಜನಕ್ಕೆ ಮಹಾಸಾಗರಗಳ ಹೆಸರು ಬಾಯಿಪಾಠ ಮಾಡಿಸಿದವಳು. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಬೆತ್ತ ಆಡಿಸುತ್ತ ಅವಳು ಮುಟ್ಟದ ಸಮುದ್ರವಿಲ್ಲ. ಆದರೆ ನಿಜವಾದ ಸಮುದ್ರದ ಮೇಲೆ ಒಂದು ದಿನ ಕೂಡ ಹೋದವಳಲ್ಲ. ಕಾರಣ, ಅವಳ ಹೊಟ್ಟೆ. ಚಾಮುಂಡಿ ಬೆಟ್ಟದ ಬಸ್ಸು ಎರಡನೆಯ ತಿರುವು ತಿರುಗುವ ಹೊತ್ತಿಗೆ ಅವಳ ಕೈಗೆ ಪ್ಲಾಸ್ಟಿಕ್ ಕವರು ಕೊಡಬೇಕು. ಮನೆಯ ಉಯ್ಯಾಲೆಯಲ್ಲಿ ಕೂತರೂ ಅದೇ ಗತಿ. ಹೀಗಿರುವಾಗ ರಿಟೈರಾದ ಮೇಲೆ ಒಂದು ದಿನ, "ಸಾಯೋದ್ರೊಳಗೆ ಒಂದ್ಸಲ ನಡುಸಮುದ್ರ ನೋಡ್ಬೇಕು ಕಣೇ ವಿಶಾಲೂ" ಎಂದು ನನ್ನ ಮುಂದೆ ಅತ್ತುಬಿಟ್ಟಳು. ಪಕ್ಕದ ಮನೆಯಲ್ಲೇ ಇರುವ ತಂಗಿ ನಾನು, ಒಂಟಿ ಜೀವ. "ನಡಿ, ನಾನೂ ಬರ್ತೀನಿ" ಅಂದೆ. ಕೊಚ್ಚಿಯಿಂದ ಹೊರಟು ಮಾರಿಷಸ್, ಆಫ್ರಿಕಾ ಎಲ್ಲ ಸುತ್ತಿ ಬರುವ ಒಂದು ತಿಂಗಳ ಹಡಗು ಯಾತ್ರೆಗೆ ಮೂವರೂ ಟಿಕೆಟ್ ಮಾಡಿಸಿದೆವು. ಡಾಕ್ಟರು ವಾಂತಿ ಮಾತ್ರೆ ಬರೆದುಕೊಟ್ಟರು. ಮಾತ್ರೆ ನೋಡಿ ಭಾವನಿಗೆ ಅವಮಾನವಾಯಿತು. ಯಂತ್ರ ರಿಪೇರಿಯಲ್ಲೇ ಜೀವನ ಕಳೆದವರು ನೋಡಿ!

"ಕಿವಿ ಒಳಗೆ ಒಂದು ಚೂರು ನೀರಿರತ್ತೆ" ಎಂದು ಭಾವ ಪಾಠ ಶುರುಮಾಡಿದರು. "ನಾವು ನೆಟ್ಟಗಿದ್ದೀವೋ ವಾಲಿದ್ದೀವೋ ಅಂತ ಮೆದುಳಿಗೆ ಹೇಳೋದು ಆ ನೀರೇ. ಕಡಲಣ್ಣ ಅದಕ್ಕೆ ಅಲೆಗಳನ್ನ ಕಳಿಸ್ತಾನೆ. ನೀವು ಸೋಫಾದ ಮೇಲೇ ಕೂತಿರ್ತೀರಿ, ನಿಮ್ಮ ಕಿವಿ ಮಾತ್ರ ಸಮುದ್ರದಲ್ಲಿರತ್ತೆ! ಒಂದು ವಾರದಲ್ಲಿ ದೇಹ ಪಳಗಿಬಿಡತ್ತೆ. ಬರೀ ಹೊಟ್ಟೆ ಮಾತ್ರ ಅಲ್ಲ, ಹಡಗಿನ ಬಾಳು ಹೇಗಿರತ್ತೋ ಎಲ್ಲಾನೂ ಅಭ್ಯಾಸ ಮಾಡಿಸ್ತಾನೆ. ಮನೆ ಗಡಿಯಾರ, ಬಾಗಿಲ ಬೀಗ, ಎಲ್ಲಾ ಅವನಿಗೇ ಜೋಡಿಸಿದ್ದೀನಿ."

"ಆಫ್ ಮಾಡೋ ಸ್ವಿಚ್ ಎಲ್ಲಿ ಭಾವ?" ನಾನು ಕೇಳಿದೆ.

"ಸಮುದ್ರಕ್ಕೆ ಆಫ್ ಸ್ವಿಚ್ ಇರತ್ತೇನಮ್ಮ?"

ರೆಗ್ಯುಲೇಟರ್ ತಿರುಗಿಸಿದರು. ಸ್ಪೀಕರ್ ಗಂಟಲು ಸರಿಮಾಡಿಕೊಂಡಿತು.

"ಎಲೈ ಪ್ರಯಾಣಿಕರೇ! ಲಂಗರೆತ್ತಿದೆ! ಅಪಾರ ಜಲಧಿಯು ನಿಮ್ಮನ್ನು ಕೈಬೀಸಿ ಕರೆಯುತ್ತಿದೆ!"

ಮಾತು ಕಲಿಸಲು ಭಾವ ಅದಕ್ಕೆ ತಮ್ಮ ಹಳೆಯ ಪೌರಾಣಿಕ ನಾಟಕದ ಕ್ಯಾಸೆಟ್ಟುಗಳನ್ನೆಲ್ಲ ಕುಡಿಸಿದ್ದರಂತೆ.

ಮರುಗಳಿಗೆಯೇ ಸೋಫಾ ಮೆಲ್ಲಗೆ ಮೇಲೆದ್ದಿತು, ಇಳಿಯಿತು. ನಿಜಕ್ಕೂ ಅದು ಅಲುಗಿರಲಿಲ್ಲ, ಅಲುಗಿದ್ದು ನಮ್ಮ ಕಿವಿ! ಅಕ್ಕ ಬಕೆಟ್ಟಿಗೆ ಓಡಿದಳು. ನಾನು ಅವಳ ಹಿಂದೆ ಓಡಿದೆ. ಭಾವ ನಮ್ಮಿಬ್ಬರಿಗಿಂತ ಮೊದಲೇ ಅಲ್ಲಿದ್ದರು.

ಆದರೆ ಸತ್ಯಕ್ಕೆ ಅಪಚಾರ ಮಾಡಬಾರದು. ಎರಡು ದಿನ ಒದ್ದಾಡಿದ ಮೇಲೆ ಮೂರನೆಯ ದಿನ ಅಕ್ಕ ಆ ತೂಗಾಟದಲ್ಲೇ ನಿಂತು ಮೆಣಸಿನ ಸಾರು ಕುದಿಸಿದಳು. ಒಂದು ಹನಿ ಚೆಲ್ಲಲಿಲ್ಲ. "ವಿಶಾಲೂ, ನನಗೇನೂ ಆಗ್ತಿಲ್ಲ ಕಣೇ!" ಎಂದು ಸೌಟು ಹಿಡಿದೇ ಕುಣಿದಳು. ಭಾವನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಹಾರಿ ಸಾರಿಗೆ ಬಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಎಲ್ಲವೂ ಸುಖವಾಗಿರುತ್ತಿತ್ತು. ಕಡಲಣ್ಣನಿಗೆ ನಿಲ್ಲುವ ಉದ್ದೇಶವಿರಲಿಲ್ಲ.

"ಪ್ರಯಾಣಿಕರೇ! ನೌಕೆಯಲ್ಲಿ ನಿಮಗೆ ಇಷ್ಟು ಜಾಗ ದೊರೆಯದು. ಎಲ್ಲರೂ ಸಾಮಾನು ಕೋಣೆಗೆ ತೆರಳಿ!" ಎಂದು ಮಲಗುವ ಕೋಣೆಗಳಿಗೆ ಬೀಗ ಹಾಕಿತು. ಅಕ್ಕಿ ಮೂಟೆ, ಹಳೆಯ ಸೈಕಲ್ಲು, ನಾವು ಮೂವರು!

"ಒಂದು ತಿಂಗಳು ನಿಮ್ಮ ಮುಖಾನ ಇಷ್ಟು ಹತ್ತಿರದಿಂದ ನೋಡ್ಬೇಕಾ?" ಅಕ್ಕ ಕೇಳಿದಳು.

"ನನಗೇನು ಹಬ್ಬವೇ?" ಭಾವ ಸೈಕಲ್ಲಿನ ಆ ಕಡೆಯಿಂದ ಅಂದರು.

ಪಶ್ಚಿಮಕ್ಕೆ ಸಾಗುವ ಹಡಗಿನಲ್ಲಿ ಗಡಿಯಾರ ಹಿಂದಕ್ಕೆ ಹೋಗುತ್ತದಂತೆ. ಕಡಲಣ್ಣ ದಿನಾ ಒಂದೊಂದು ಗಂಟೆ ಹಿಂದಿಡತೊಡಗಿತು. ಹೊರಗೆ ಜನ ಊಟ ಮುಗಿಸಿ ತೂಕಡಿಸುವಾಗ ನಮಗೆ ಇನ್ನೂ ಬೆಳಗಿನ ಕಾಫಿ! ಸಂಜೆಯಾದರೆ, "ಇಂದು ರಾಜಭೋಜನ! ಉಡುಪು ಘನತೆಯಿಂದಿರಲಿ!" ಎಂದು ಆಜ್ಞೆ. ಅಕ್ಕ ರೇಷ್ಮೆ ಸೀರೆಯುಟ್ಟಳು. ಭಾವ ಮದುವೆಯ ಕೋಟಿನೊಳಗೆ ಉಸಿರು ಬಿಗಿಹಿಡಿದು ಕೂತು ಉಪ್ಪಿಟ್ಟು ತಿಂದರು.

ಮರುದಿನ ಹಿಂದಿನ ಮನೆಯಲ್ಲಿ ಕುಕ್ಕರ್ ಕೂಗಿತು. ಕಡಲಣ್ಣ ಅದನ್ನು ಅಪಾಯದ ಸೀಟಿ ಎಂದುಕೊಂಡಿತು.

"ಅಪಾಯ! ಅಪಾಯ! ರಕ್ಷಾಕವಚ ಧರಿಸಿ!"

ನಾವು ಹೊಟ್ಟೆಗೆ ದಿಂಬು ಕಟ್ಟಿಕೊಂಡು ನಡುಮನೆಯಲ್ಲಿ ಸಾಲಾಗಿ ನಿಂತೆವು. ನಮ್ಮ ಬೀದಿಯಲ್ಲಿ ಯಾರ ಮನೆಯ ಬೇಳೆ ಎಷ್ಟು ಹೊತ್ತಿಗೆ ಬೇಯುತ್ತದೆ ಎನ್ನುವುದು ಆ ದಿನ ನನಗೆ ಚೆನ್ನಾಗಿ ತಿಳಿಯಿತು.

"ಸಾಕ್ರೀ, ಬಾಗಿಲು ತೆಗೀರಿ. ನಾನು ಗಾಳಿಗೆ ಹೋಗ್ಬೇಕು!" ಅಕ್ಕ ಗದರಿದಳು.

ಭಾವ ಬಾಗಿಲು ಎಳೆದರು. ತೆರೆಯಲಿಲ್ಲ.

"ನಡುಗಡಲಿನಲ್ಲಿ ಇಳಿಯುವ ಮೂಢರಾರು?" ಕಡಲಣ್ಣ ಗರ್ಜಿಸಿತು. "ಮುಂದಿನ ಬಂದರು ಬರುವವರೆಗೆ ದ್ವಾರ ತೆರೆಯದು!"

"ವೈರ್ ಕಿತ್ತುಹಾಕ್ರೀ!"

"ಕಿತ್ತೆ ಕಣೇ. ಒಳಗೆ ಬ್ಯಾಟರಿ ಇಟ್ಟಿದ್ದೀನಿ. ಕರೆಂಟ್ ಹೋದ್ರೆ ಹಡಗು ನಿಂತುಬಿಡಬಾರ್ದಲ್ಲ ಅಂತ..."

ಆ ಹೊತ್ತಿಗೆ ಸರಿಯಾಗಿ ಗ್ಯಾಸ್ ಸಿಲಿಂಡರಿನ ಬೀರಪ್ಪ ಬಂದು ಬಾಗಿಲು ಬಡಿದ. "ಗ್ಯಾಸ್!"

"ಕಡಲ್ಗಳ್ಳರು!" ಎಂದಿತು ಕಡಲಣ್ಣ. "ಚಂಡಮಾರುತವನ್ನು ಪ್ರಯೋಗಿಸುವೆ!"

ರೆಗ್ಯುಲೇಟರ್ ತನ್ನಷ್ಟಕ್ಕೆ ತಾನೇ ತಿರುಗಿತು. ಛತ್ರಿ ಕಡ್ಡಿಗಳು ಝುಂ ಎಂದವು. ಕಿಟಕಿಯಲ್ಲಿ ನೋಡುತ್ತೇನೆ, ಬೀರಪ್ಪ ಸಿಲಿಂಡರನ್ನು ತಬ್ಬಿಕೊಂಡು ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. "ಅಕ್ಕೋ, ರೋಡು ಮೇಲಕ್ಕೆ ಬತ್ತಾ ಐತೆ!"

ಅವನೊಬ್ಬನೇ ಅಲ್ಲ. ಸೊಪ್ಪು ಮಾರುವವಳು ತಳ್ಳುಗಾಡಿಗೆ ಜೋತುಬಿದ್ದಿದ್ದಳು. ಬೀದಿನಾಯಿ ನಾಲ್ಕೂ ಕಾಲು ಅಗಲಿಸಿ ನಿಂತು ಆಕಾಶಕ್ಕೆ ಬೊಗಳುತ್ತಿತ್ತು. ಎದುರಿನ ಪಾರ್ಕಿನ ಹಿರಿಯರ ಯೋಗ ಕೂಟ ಇಡೀ ಒಂದಾಗಿ ಎಡಕ್ಕೆ ಬಾಗಿ, ಒಂದಾಗಿ ಬಲಕ್ಕೆ ಬಾಗುತ್ತಿತ್ತು. "ಶಭಾಷ್! ಇವತ್ತೇ ನೋಡಿ ನೀವೆಲ್ಲಾ ಒಟ್ಟಿಗೆ ಮಾಡಿದ್ದು!" ಎನ್ನುತ್ತ ಗುರುಗಳೂ ಪೊದೆಯೊಳಗೆ ಬಿದ್ದರು. ಯಾರೋ ಪೊಲೀಸರಿಗೆ ಫೋನು ಮಾಡಿದರು. ಬಂದ ಪೇದೆ ಬೈಕಿನಿಂದ ಇಳಿದು, "ಹಾಡುಹಗಲಲ್ಲೇ ಬೀದಿ ಬೀದೀನೇ ಕುಡಿದಿದ್ದೀರೇನ್ರೀ?" ಎಂದು ಲಾಠಿ ಎತ್ತಿದವನು ಹಾಗೇ ವಾಲುತ್ತ ಹೋಗಿ ಬೀರಪ್ಪನ ಸಿಲಿಂಡರನ್ನು ಇನ್ನೊಂದು ಕಡೆಯಿಂದ ತಬ್ಬಿಕೊಂಡ.

ಒಳಗೆ ಭಾವ ಅಂಬೆಗಾಲಿಡುತ್ತ ಯಂತ್ರದ ಕಡೆ ಹೊರಟರು. ಅಲೆಯ ಹೊಡೆತಕ್ಕೆ ಉರುಳಿ ದೇವರಮನೆ ಸೇರಿದರು. ಮತ್ತೆ ಹೊರಟರು, ಬಚ್ಚಲುಮನೆ ಸೇರಿದರು. "ಮಂಗಳಾ! ನನ್ನಿಂದಾಗಲ್ಲ ಕಣೇ!" ಎಂಬ ಕೂಗು ಬಚ್ಚಲಿನೊಳಗಿಂದ ಬಂತು.

ಆಗ ಅಕ್ಕ ಎದ್ದು ನಿಂತಳು. ವಾರವೆಲ್ಲ ಪಳಗಿದ ಕಾಲು, ಜೊತೆಗೆ ಮೇಡಂ ಆಗಿದ್ದ ಗತ್ತು. ಸೆರಗು ಸಿಕ್ಕಿಸಿ, ಸೌಟನ್ನೇ ಬೆತ್ತದಂತೆ ಹಿಡಿದು ಯಂತ್ರದೆದುರು ನಿಂತಳು.

"ಏಯ್ ಕಪ್ತಾನ! ನಾವೀಗ ಎಲ್ಲಿದ್ದೀವಿ?"

"ಅಪಾರ ಸಾಗರದ ಮಧ್ಯದಲ್ಲಿ, ತಾಯೀ!"

"ಬುರುಡೆ ಬಿಡ್ಬೇಡ. ಅಕ್ಷಾಂಶ ಎಷ್ಟು?"

"ಸುಮಾರು ಹನ್ನೆರಡು ಡಿಗ್ರಿ ಉತ್ತರ" ಎಂದಿತು ಕಡಲಣ್ಣ.

"ರೇಖಾಂಶ?"

"ಎಪ್ಪತ್ತಾರೂವರೆ ಪೂರ್ವ..."

"ಅಲ್ಲಿ ಸಮುದ್ರ ಇದೆಯಾ? ಬಾಯಿ ಬಿಟ್ಟು ಹೇಳು! ಇದೆಯಾ?"

ಸ್ಪೀಕರಿನಿಂದ ಬಹಳ ಹೊತ್ತು ಬರೀ ಗರಗರ ಸದ್ದು. ಕೊನೆಗೆ ಪಾಠ ಒಪ್ಪಿಸಲಾರದ ಹುಡುಗನ ದನಿಯಲ್ಲಿ, "ಅಲ್ಲಿ... ಮೈಸೂರು ಇರುವಂತೆ ತೋರುತ್ತದೆ, ತಾಯೀ."

"ಹಾಗಾದ್ರೆ ನಿನ್ನ ಹಡಗು ಎಲ್ಲಿ ನಿಂತಿದೆ?"

"ಅಯ್ಯಯ್ಯೋ! ನೌಕೆ ನೆಲಕ್ಕೆ ಬಡಿಯಿತು! ಎಲ್ಲರೂ ಇಳಿಯಿರಿ! ಮೊದಲು ಹೆಂಗಸರು!"

ಬಾಗಿಲು ಫಟ್ಟನೆ ತೆರೆಯಿತು. ಅಲೆ ನಿಂತಿತು. ಬೀರಪ್ಪ ಮತ್ತು ಪೇದೆ ಒಬ್ಬರನ್ನೊಬ್ಬರು ನೋಡಿ ನಾಚಿ ಸಿಲಿಂಡರ್ ಬಿಟ್ಟರು. ಕಡಲಣ್ಣ ಅಟ್ಟ ಸೇರಿತು. "ಇದರ ಸುದ್ದಿ ಇನ್ನೊಂದ್ಸಲ ಎತ್ತಿದ್ರೆ ನಿಮ್ಮನ್ನ ಬಿಟ್ಟು ನಾವಿಬ್ಬರೇ ಹೋಗ್ತೀವಿ" ಎಂದು ಅಕ್ಕ ತಾಕೀತು ಮಾಡಿದಳು. ಭಾವ ಮಗುವಿನಂತೆ ತಲೆಯಾಡಿಸಿದರು. ಅಷ್ಟು ವಿಧೇಯವಾಗಿ ತಲೆಯಾಡಿಸಿದಾಗಲೇ ನಮಗೆ ಅನುಮಾನ ಬರಬೇಕಿತ್ತು!

ಹಡಗು ಹತ್ತಿದ ದಿನ ಅಕ್ಕ ಮದುವಣಗಿತ್ತಿಯಂತಿದ್ದಳು. ಆದರೆ ದಡ ಕಣ್ಮರೆಯಾಗುವ ಹೊತ್ತಿಗೆ ಒಂದು ಎಡವಟ್ಟು ಬಯಲಾಯಿತು. ಅಷ್ಟು ದೊಡ್ಡ ಹಡಗು ತೂಗುವುದೇ ಇಲ್ಲ! ನಮ್ಮ ಹಜಾರದ ಹಾಗೆ ಅಲ್ಲಾಡದೆ ನಿಂತಿತ್ತು. ತೂಗಾಟಕ್ಕೆ ಪಳಗಿದ ನಮ್ಮ ಕಿವಿಗಳು ಅದನ್ನು ಒಪ್ಪಲಿಲ್ಲ. ಎಲ್ಲರೂ ಠೀವಿಯಿಂದ ಓಡಾಡುತ್ತಿದ್ದರೆ ನಾವು ಮೂವರು ಮಾತ್ರ ಗೋಡೆ ಹಿಡಿದು ತೂರಾಡುತ್ತಿದ್ದೆವು. ಬಾರಿನವನು ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡ. ಅಕ್ಕ ಕಿಟಕಿಗೆ ಪರದೆ ಎಳೆದು ಮಲಗಿಬಿಟ್ಟಳು.

"ಇಷ್ಟು ದೂರ ಬಂದು ಸಮುದ್ರದ ಕಡೆ ತಲೆಯೆತ್ತಿ ನೋಡೋಕೂ ಆಗ್ತಿಲ್ವಲ್ಲೇ" ಎಂದಳು. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ, ಗೋಡೆಯ ಕಡೆ ತಿರುಗಿದಳು.

ಭಾವ ಸೂಟ್‌ಕೇಸು ತೆರೆದರು. ಪಂಚೆಗಳ ಮಧ್ಯೆ ಕಡಲಣ್ಣ!

"ಬೈಯ್ಯೋದಾದ್ರೆ ಆಮೇಲೆ ಬೈಯಿ. ಇದನ್ನ ಉಲ್ಟಾ ತಿರುಗಿಸ್ತೀನಿ. ಕಿವೀಲಿರೋ ತೂಗಾಟ ಹೋಗಿ, ಸಮುದ್ರದಲ್ಲಿದ್ರೂ ನೆಲದ ಮೇಲಿದ್ದ ಹಾಗೆ ಆಗತ್ತೆ. ಒಂದೇ ಒಂದ್ಸಲ ನಂಬು ಮಂಗಳಾ."

ಅಕ್ಕ ಬೈಯಲಿಲ್ಲ. ಭಾವ ರೆಗ್ಯುಲೇಟರನ್ನು ಹಿಂದಕ್ಕೆ ತಿರುಗಿಸಿ, ಬೇಕಾಗಬಹುದೆಂದು ಹಡಗಿನ ವೈಫೈಗೂ ಜೋಡಿಸಿದರು. ತಲೆಸುತ್ತು ನೀರಿಳಿದಂತೆ ಇಳಿದುಹೋಯಿತು. ಅಕ್ಕ ಎದ್ದು, ಮೆಟ್ಟಿಲು ಹತ್ತಿ, ಡೆಕ್ಕಿನ ಕಂಬಿ ಹಿಡಿದು ನಿಂತಳು. ನಾಲ್ಕೂ ದಿಕ್ಕಿಗೆ ನೀಲಿ. ಗಾಳಿಗೆ ಸೆರಗು ಪಟಪಟ ಅನ್ನುತ್ತಿತ್ತು. ಬೆರಳು ಮುಂದೆ ಮಾಡಿ, ತರಗತಿಯಲ್ಲಿ ಹೇಳುವಂತೆ, "ಇದು ಹಿಂದೂ ಮಹಾಸಾಗರ" ಎಂದಳು. ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ನಾನೂ ಸುಮ್ಮನೆ ಇನ್ನೊಂದು ಕಡೆ ನೋಡಿದೆ.

ಮಾರಿಷಸ್ ಇನ್ನೂ ದೂರವಿರುವಾಗ ನಿಜವಾದ ಬಿರುಗಾಳಿ ಎದ್ದಿತು. ಅಂಥ ಹಡಗೂ ತೊಟ್ಟಿಲಾಯಿತು. ಜನರ ಗೋಳು ಕೇಳಿ ಕಡಲಣ್ಣನ ಮನಸ್ಸು ಕರಗಿತೋ ಏನೋ, ತನ್ನ ಅಲೆಯನ್ನು ಇಡೀ ಹಡಗಿಗೆ ಹರಡಿತು. ತಟ್ಟೆಗಳು ಹಾರುತ್ತಿದ್ದವು, ಕುರ್ಚಿಗಳು ಓಡುತ್ತಿದ್ದವು, ಜನ ಮಾತ್ರ ನೆಟ್ಟಗೆ ನಿಂತು ಐಸ್‌ಕ್ರೀಮ್ ತಿನ್ನುತ್ತಿದ್ದರು! ಒಬ್ಬರಿಗೂ ವಾಂತಿಯಿಲ್ಲ. ಹಡಗಿನ ಡಾಕ್ಟರು ಕೆಲಸವಿಲ್ಲದೆ ಇಸ್ಪೀಟು ಆಡಿದರು. ಕಾರಣ ತಿಳಿದ ಕಪ್ತಾನರು ನಮ್ಮ ಕ್ಯಾಬಿನ್ನಿಗೇ ಬಂದು ಭಾವನ ಕೈ ಕುಲುಕಿದರು.

"ನೋಡಿದ್ಯಾ?" ಭಾವ ಅಕ್ಕನಿಗೆ ಮೀಸೆ ತಿರುವಿ ತೋರಿಸಿದರು.

ಮೀಸೆ ಕೆಳಗಿಳಿಯುವ ಮೊದಲೇ ಹಡಗಿನ ಅಷ್ಟೂ ಸ್ಪೀಕರುಗಳು ಒಟ್ಟಿಗೆ ಗಂಟಲು ಸರಿಮಾಡಿಕೊಂಡವು.

"ಎಲೈ ಪ್ರಯಾಣಿಕರೇ! ಸಮುದ್ರವೆಂಬುದು ನಾಲ್ಕು ದಿನದ ಸುಖ! ಮರಳಿ ನೆಲ ಸೇರುವ ಕಾಲ ಬಂದೇ ಬರುವುದು. ಈಗಿನಿಂದಲೇ ನೆಲದ ಬಾಳಿಗೆ ಅಭ್ಯಾಸ ಆರಂಭ!"

ಫಳಕ್ಕನೆ ದೀಪಗಳು ಆರಿದವು. ಲೋಡ್ ಶೆಡ್ಡಿಂಗ್! ಲಿಫ್ಟು ಎರಡು ಮಹಡಿಯ ನಡುವೆ ನಿಂತಿತು. ಪ್ರತಿ ಕ್ಯಾಬಿನ್ನಿನ ನಲ್ಲಿಯೂ ಕೊರ್ ಎಂದು ಕೆಮ್ಮಿ ಒಣಗಿತು. "ನೀರು ಎರಡು ದಿನಕ್ಕೊಮ್ಮೆ, ಮೇಲಿನ ಡೆಕ್ಕಿನಲ್ಲಿ, ಒಂದೇ ನಲ್ಲಿಯಲ್ಲಿ!" ಎಂದು ಸ್ಪೀಕರುಗಳು ಸಾರಿದವು. ಕಪ್ತಾನರು ಟೋಪಿ ಹಿಡಿದುಕೊಂಡು ಇಂಜಿನ್ ಕೋಣೆಗೆ ಓಡಿದರು. ಅವರ ಹಿಂದೆ ಭಾವ ಸ್ಕ್ರೂಡ್ರೈವರ್ ಹಿಡಿದು ಓಡಿದರು. ಅದನ್ನು ಕಂಡು ಕಪ್ತಾನರು ಇನ್ನೂ ಜೋರಾಗಿ ಓಡಿದರು.

ಬಿರುಗಾಳಿ ಇಳಿದ ಮೇಲೆ ನಾನು ಡೆಕ್ಕಿಗೆ ಹೋಗಿ ನೋಡಿದರೆ, ನಾನಾ ದೇಶದ ಜನ ಐಸಿನ ಬಕೆಟ್ಟು, ಹೂದಾನಿ, ಸ್ನಾನದ ಟೋಪಿ ಹಿಡಿದು ಹಡಗಿನ ಆ ತುದಿಯಿಂದ ಈ ತುದಿಯವರೆಗೆ ಸಾಲು ನಿಂತು ಕಿತ್ತಾಡುತ್ತಿದ್ದರು. ಸುತ್ತ ಕಣ್ಣು ಹಾಯುವಷ್ಟು ದೂರವೂ ನೀರೇ ನೀರು.

ನಲ್ಲಿಯ ಬುಡದಲ್ಲಿ, ಎಲ್ಲರಿಗಿಂತ ಮೊದಲು, ಎರಡು ಬಕೆಟ್ ಇಟ್ಟುಕೊಂಡು ನಮ್ಮಕ್ಕ ನಿಂತಿದ್ದಳು. ಇದಕ್ಕೆ ಮಾತ್ರ ಅವಳಿಗೆ ಯಾವ ಪೂರ್ವತಯಾರಿಯೂ ಬೇಕಾಗಿರಲಿಲ್ಲ.