ಕಾರ್ಬನ್ ಸೈಕಲ್ಲಿನ ಹೊಟ್ಟೆಯೊಳಗೆ

ಯಾವುದೇ ವಿದ್ಯೆಯನ್ನು ಪೂರ್ತಿ ಕಲಿತವರು ಸುಮ್ಮನಿರುತ್ತಾರೆ. ಏನೂ ಕಲಿಯದವರೂ ಸುಮ್ಮನಿರುತ್ತಾರೆ. ಬಾಯಿ ಮುಚ್ಚಿಕೊಂಡಿರಲು ಆಗದೇ ಇರುವುದು ಅರ್ಧ ಕಲಿತವರಿಗೆ ಮಾತ್ರ. ಸೈಕಲ್ಲಿನ ವಿಷಯದಲ್ಲಿ ನಾನು ಆ ಜಾತಿಗೆ ಸೇರಿದವನು. ನನಗೆ ಯಾರೂ ಕಲಿಸಿದ್ದಲ್ಲ, ಇಂಟರ್ನೆಟ್ಟಿನಲ್ಲಿ ಯಾರೋ ಯಾರೊಂದಿಗೋ ಜಗಳವಾಡಿದ್ದನ್ನು ಓದಿ ಓದಿ ನಾನೇ ಪಂಡಿತನಾದೆ. ಸಹಕಾರನಗರದ ನಮ್ಮ ಬೀದಿಯಲ್ಲಿ ಯಾರಾದರೂ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದರೆ ಸಾಕು, ಪಕ್ಕದಲ್ಲಿ ನಿಂತು ಶುರು ಮಾಡುತ್ತಿದ್ದೆ: ಸೈಕಲ್ಲಿನ ಜೀವ ಇರುವುದು ಫ್ರೇಮಿನಲ್ಲಿ, ಅಲ್ಯೂಮಿನಿಯಂ ಫ್ರೇಮಾದರೆ ರಸ್ತೆಯ ಪ್ರತಿಯೊಂದು ಗುಂಡಿಯ ಸುದ್ದಿಯನ್ನೂ ಬೆನ್ನುಮೂಳೆಗೆ ಮುಟ್ಟಿಸುತ್ತದೆ, ಕಾರ್ಬನ್ ಫೈಬರ್ ಆದರೆ ಅದನ್ನೆಲ್ಲ ತಾನೇ ನುಂಗಿಕೊಳ್ಳುತ್ತದೆ, ಇತ್ಯಾದಿ.

ನನ್ನದು ಕಾರ್ಬನ್. ಆದರೆ ಕಾರ್ಬನ್ನಿನ ದೊಡ್ಡ ದೋಷವೆಂದರೆ ಬಣ್ಣ ಬಳಿದ ಮೇಲೆ ಅದು ಕಾರ್ಬನ್ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಒಂದು ತಿಂಗಳು ನಿಂತು ನೋಡಿದೆ, ಒಬ್ಬರೂ ತಿರುಗಿ ನೋಡಲಿಲ್ಲ. ಕೊನೆಗೆ ಆಟೋಗಳಿಗೆ ಹೆಸರು ಕತ್ತರಿಸಿ ಅಂಟಿಸುವ ರೇಡಿಯಂ ಅಂಗಡಿಗೆ ಹೋಗಿ, ಕೆಳಗಿನ ದಪ್ಪ ಕೊಳವೆಯ ಮೇಲೆ ‘ಫುಲ್ ಕಾರ್ಬನ್’ ಎಂದು ಬರೆಸಿದೆ. ಅದು ಪಕ್ಕದ ಬಸ್ಸಿನವರಿಗೆ ಕಾಣುವುದಿಲ್ಲ ಅನ್ನಿಸಿತು. ಅದರ ಮೇಲೆ ಮೆತ್ತನೆಯ ಸ್ಪಂಜಿನ ಹಾಳೆ ಹಾಕಿ, ಅಕ್ಷರ ಉಬ್ಬಿ ಕಾಣುವ ಹಾಗೆ ಅದನ್ನೇ ದೊಡ್ಡದಾಗಿ ಇನ್ನೊಮ್ಮೆ ಹಾಕಿಸಿದೆ. ಮಳೆಗೆ ಹಾಳಾದೀತೆಂದು ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ.

ನನ್ನ ಉಪನ್ಯಾಸಕ್ಕೆ ಕಾಯಂ ಸಿಕ್ಕಿಬಿದ್ದವರು ಎರಡು ಮನೆ ಆಚೆಯ ಬಸಣ್ಣ. ಗದಗದ ಕಡೆಯವರು, ಯಶವಂತಪುರದ ಹತ್ತಿರ ಫ್ಯಾಕ್ಟರಿಯಲ್ಲಿ ಕೆಲಸ. ಹಿಂದೆ ಕ್ಯಾರಿಯರ್, ಕ್ಯಾರಿಯರ್ ಮೇಲೆ ಊಟದ ಡಬ್ಬಿ, ಕೆಳಗೆ ಗಟ್ಟಿ ಸ್ಟ್ಯಾಂಡು ಇರುವ ಅಲ್ಯೂಮಿನಿಯಂ ಸೈಕಲ್ಲಿನಲ್ಲಿ ದಿನಾ ಹೋಗಿಬರುತ್ತಾರೆ. ಫ್ರೇಮು ಒಂದು ಕಡೆ ಚೆನ್ನಾಗಿ ನೆಗ್ಗಿದೆ. ನಾನು ಅದನ್ನು ತೋರಿಸಿ ಮರುಗಿದರೆ ಅವರು, “ಪೆಟ್ಟು ಬಿದ್ದದ್ದು ಕಾಣತೈತಲ್ಲ ತಮ್ಮಾ, ಹೊಟ್ಟಿಯೊಳಗ ಇಟ್ಕೊಂಡಿಲ್ಲಲ್ಲ” ಎನ್ನುತ್ತಿದ್ದರು. ಆದರೂ ಒಂದು ವರ್ಷ ಕೊರೆದ ಮೇಲೆ ಬಂಡೆಯೂ ತೂತಾಗುತ್ತದೆ. “ಆತು, ಭಾನುವಾರ ನಿನ್ನ ಸೈಕಲ್ ಕೊಡು, ಅಲ್ಲಾಳಸಂದ್ರ ಕೆರಿ ತನಾ ಹೋಗಿ ಬರ್ತೀನಿ. ಛಲೋ ಅನ್ನಿಸಿದ್ರ ನಾನೂ ಕಾರ್ಬನ್ನೇ ತಗೋತೀನಿ” ಎಂದರು. ನನ್ನ ಜೀವನದ ಮೊದಲ ಶಿಷ್ಯ!

ಗುರುವಾರ ಬೆಳಿಗ್ಗೆ ಆ ಸೈಕಲ್ಲು ಬಿತ್ತು. ಬಿಗಿದರೆ ಕೊಳವೆ ಬಿರುಕು ಬಿಡಬಹುದೆಂದು ನಾನು ಸ್ಟ್ಯಾಂಡು ಹಾಕಿಸಿರಲಿಲ್ಲ; ಹಿತ್ತಿಲ ಗೋಡೆಗೆ ಒರಗಿಸಿದ್ದೆ. ಅಮ್ಮ ತಂತಿಯ ಮೇಲಿನ ದುಪ್ಪಟಿ ಎಳೆದಾಗ ಅದರ ತುದಿ ಹ್ಯಾಂಡಲ್ಲಿಗೆ ಸಿಕ್ಕಿ, ಸೈಕಲ್ಲು ಹೋಗಿ ಒಗೆಯುವ ಕಲ್ಲಿನ ಮೇಲೆ ಧೊಪ್ಪೆಂದಿತು.

“ಏನಾಗಿಲ್ಲ ಬಿಡೋ. ಚಿಕ್ಕೋನಿದ್ದಾಗ ನೀನೂ ಇದೇ ಕಲ್ಲಿನ ಮೇಲೆ ಬಿದ್ದಿದ್ದೆ, ಏನಾಯ್ತು?” ಎಂದರು ಅಮ್ಮ.

ನನಗೆ ಭಯವಾದದ್ದೇ ಆ ಉದಾಹರಣೆ ಕೇಳಿ.

ಮೇಲೆ ಒಂದು ಗೀರೂ ಇಲ್ಲ. ಅದೇ ಕಷ್ಟ. ಅಲ್ಯೂಮಿನಿಯಂ ಆಗಿದ್ದರೆ ನೆಗ್ಗಿ ತನ್ನ ಕಥೆ ತಾನೇ ಹೇಳುತ್ತಿತ್ತು. ಕಾರ್ಬನ್ ಹೊರಗೆ ನಗುತ್ತಾ ಒಳಗೆ ಬಿರುಕು ಬಿಟ್ಟಿದ್ದು, ಒಂದು ದಿನ ಇದ್ದಕ್ಕಿದ್ದಂತೆ ಎರಡಾಗಬಹುದು ಎಂದು ನಾನೇ ಓದಿದ್ದೆ. ಬಸಣ್ಣನಿಗೆ ಹೇಳುವಾಗ ಆ ಪುಟವನ್ನು ಮಾತ್ರ ಬಿಟ್ಟಿದ್ದೆ. ಈಗ ಬಿದ್ದದ್ದನ್ನು ಹೇಳಿದರೆ ಒಂದು ವರ್ಷದ ಉಪನ್ಯಾಸ ಹೋಗುತ್ತದೆ, ಹೇಳದಿದ್ದರೆ ಬಸಣ್ಣನ ಹಲ್ಲು ಹೋಗಬಹುದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಯಾವುದು ಹೆಚ್ಚೆಂದು ತೀರ್ಮಾನಿಸಲು ನನಗೆ ಒಂದು ಇಡೀ ದಿನ ಬೇಕಾಯಿತು.

ಅಷ್ಟರಲ್ಲಿ ಇಂಟರ್ನೆಟ್ಟಿನಲ್ಲೇ ಒಂದು ಪರೀಕ್ಷೆ ಸಿಕ್ಕಿತು. ನಾಣ್ಯದಿಂದ ಫ್ರೇಮನ್ನು ಉದ್ದಕ್ಕೂ ತಟ್ಟುತ್ತಾ ಹೋಗಬೇಕು. ಎಲ್ಲಿ ಸದ್ದು ಮಂಕಾಗುತ್ತದೋ ಅಲ್ಲಿ ಒಳಗೆ ಪೆಟ್ಟು. ಎರಡು ರೂಪಾಯಿ ನಾಣ್ಯ ಹಿಡಿದು ಕೂತೆ. ಟಕ್, ಟಕ್, ಟಕ. ಈ ಮೂರನೆಯದು ಬೇರೆಯೋ? ಇನ್ನೊಮ್ಮೆ ತಟ್ಟಿದರೆ ಮೊದಲಿನದೇ ಬೇರೆ. ಸದ್ದನ್ನೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಹಿಂದುಗಡೆ ಕುಕ್ಕರ್ ಕೂಗಿದ್ದು ಮಾತ್ರ ಸ್ಪಷ್ಟವಾಗಿತ್ತು.

“ಏನೋ ಅದು, ಮರಕುಟಿಗನ ಥರ ಬೆಳಗಿಂದ?” ಅಮ್ಮ ಬಂದರು. ಹೇಳಿದೆ. “ಅಷ್ಟೇನಾ? ಕೊಡಿಲ್ಲಿ.”

ನಮ್ಮಮ್ಮ ತೆಂಗಿನಕಾಯಿ ಆರಿಸುವುದನ್ನು ನೀವು ನೋಡಬೇಕು. ಉಗುರಿನಲ್ಲಿ ತಟ್ಟಿ ಪಕ್ಕಕ್ಕಿಟ್ಟರೆ, ಅಂಗಡಿಯವನು ತನ್ನ ಮನೆಗೂ ಆ ಕಾಯಿ ಒಯ್ಯುವುದಿಲ್ಲ. ಅಮ್ಮ ನಾಣ್ಯ ಹಿಡಿದು, ಕಣ್ಣು ಮುಚ್ಚಿ, ಹಿಂದಿನ ಚಕ್ರದ ಕಡೆಯಿಂದ ತಟ್ಟುತ್ತಾ ಬಂದರು. ಕೆಳಗಿನ ದಪ್ಪ ಕೊಳವೆಗೆ ಬಂದು ನಿಂತರು. “ಇಲ್ಲಿ ಸರಿಯಿಲ್ಲ ಕಣೋ. ಗಂಟಲು ಕಟ್ಟಿದಂಗಿದೆ.”

ಬಗ್ಗಿ ನೋಡಿದೆ. ಸರಿಯಾಗಿ ‘ಫುಲ್ ಕಾರ್ಬನ್’ ಮೇಲೆ.

“ಇದನ್ನ ಕಿತ್ತು ನೋಡೋಣ.”

“ಬೇಡಮ್ಮ, ಹಾಳಾಗುತ್ತೆ.”

“ಸೈಕಲ್ ಹಾಳಾಗುತ್ತಾ?”

“ಅಲ್ಲ... ಸ್ಟಿಕ್ಕರ್ರು.”

ಅಮ್ಮ ನನ್ನನ್ನು ಕೆಟ್ಟ ಕಾಯಿ ನೋಡುವ ಹಾಗೆ ನೋಡಿದರು. ಮರುಕ್ಷಣ ಪ್ಲಾಸ್ಟಿಕ್ಕು, ಉಬ್ಬಿದ ಅಕ್ಷರ, ಸ್ಪಂಜು, ಸಣ್ಣ ಅಕ್ಷರ ಎಲ್ಲ ಪದರ ಪದರವಾಗಿ ಎದ್ದು ಬಂದವು. ಬರಿಯ ಕೊಳವೆಯ ಮೇಲೆ ತಟ್ಟಿದರು. ಟಣ್. “ನೋಡಿದ್ಯಾ, ಗಟ್ಟಿಯಾಗಿದೆ. ಆ ಬೋರ್ಡಿಗೇ ಕಾಯಿಲೆ ಇದ್ದಿದ್ದು.”

ನಂಬಿಕೆ ಸಾಲದೆ ಶನಿವಾರ ಯಲಹಂಕದ ಸೈಕಲ್ ಅಂಗಡಿಗೂ ಒಯ್ದೆ. ಮೆಕ್ಯಾನಿಕ್ ಟಾರ್ಚು ಬಿಟ್ಟು ನೋಡಿ, ಕೊನೆಗೆ, “ಒಂದು ಕಾಯಿನ್ ಇದ್ರೆ ಕೊಡಿ ಸಾರ್” ಎಂದ. ತಟ್ಟಿ, ಅಮ್ಮ ಹೇಳಿದ್ದನ್ನೇ ಹೇಳಿದ.

ಭಾನುವಾರ ಬಸಣ್ಣ ಬಂದರು. ಎಲ್ಲ ಹೇಳಿಬಿಡೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಮ್ಮನೇ ಹೇಳಿಬಿಟ್ಟರು: “ಸೈಕಲ್ ಬಿದ್ದಿತ್ತು ಕಣಪ್ಪಾ, ನಾನು ತಟ್ಟಿ ನೋಡಿದೀನಿ, ಧೈರ್ಯವಾಗಿ ಹೋಗ್ಬಾ.” ಬಸಣ್ಣ ನನ್ನ ಕಡೆ ನೋಡಿ, “ನೀನು ಹೇಳಿದ್ರ ಹೆದರ್ತಿದ್ದೆ. ಅಮ್ಮಾವ್ರು ಹೇಳ್ಯಾರಂದ್ರ ಆತು” ಎಂದು ಹತ್ತಿ ಹೊರಟೇಬಿಟ್ಟರು.

ಒಂದು ಗಂಟೆಯ ಮೇಲೆ ಹಲ್ಲುಗಳೆಲ್ಲ ಸಮೇತ ವಾಪಸು ಬಂದರು. “ಹಗುರ ಐತಿ ತಮ್ಮಾ, ಸುಳ್ಳು ಯಾಕ ಹೇಳಲಿ. ಆದ್ರ ಕೆರಿ ಹತ್ರ ಚಾ ಕುಡಿಯಾಕ ನಿಂತೆ ನೋಡು, ಒಂದು ಕೈಯಾಗ ಚಾ, ಒಂದು ಕೈಯಾಗ ನಿನ್ನ ಸೈಕಲ್. ಬಿಸ್ಕೀಟು ಹೆಂಗ ತಿನ್ನೂದು? ನನಗ ನನ್ನದ ಛಲೋ.”

ವರ್ಷದ ಉಪನ್ಯಾಸ ಒಂದು ಬಿಸ್ಕೀಟಿನಲ್ಲಿ ಮುಗಿಯಿತು. ಆದರೂ ನನಗೆ ಬೇರೆಯದೇ ಚಿಂತೆ. “ದಾರಿಯಲ್ಲಿ ಯಾರಾದ್ರೂ ಇದರ ಬಗ್ಗೆ ಕೇಳಿದ್ರಾ ಬಸಣ್ಣ?”

“ಏನಂತ ಕೇಳ್ತಾರ? ಸೈಕಲ್ ಐತಿ.”

ಅವರು ಹೋದ ಮೇಲೆ ಬೋಳಾದ ಆ ಕೊಳವೆಯನ್ನು ಬಹಳ ಹೊತ್ತು ನೋಡಿದೆ. ನಯವಾಗಿ, ಗಟ್ಟಿಯಾಗಿ, ತನ್ನ ಪಾಡಿಗೆ ತಾನಿತ್ತು. ಇದರಿಂದ ಕಲಿಯಬೇಕಾದದ್ದು ಬಹಳ ಇದೆ ಅನ್ನಿಸಿತು. ಸೋಮವಾರ ಸಂಜೆ ರೇಡಿಯಂ ಅಂಗಡಿಯವನು ಕತ್ತರಿ ಎತ್ತಿಕೊಂಡು, “ಅದೇ ಬರೀಬೇಕಾ ಗುರು?” ಎಂದು ಕೇಳಿದ.

“ಅದೇ. ಈ ಸಲ ಸ್ವಲ್ಪ ತೆಳ್ಳಗಿರಲಿ” ಎಂದೆ.