ಒರಿಜಿನಲ್ ಯಾವುದು, ಅಳಿಯಂದಿರೇ?

ಮಾವನವರು ಮಗಳನ್ನು ಕೊಟ್ಟರು, ಸರಿ. ಇಷ್ಟು ವರ್ಷದ ಮೇಲೆ ಎರಡು ಹಳೇ ಮೋಟಾರ್ ಸೈಕಲ್ ಕಳಿಸಿ ಪರೀಕ್ಷೆ ಬೇರೆ ಇಡಬೇಕೇ? ತಿದ್ದುಪಡಿ ಸಾಹೇಬರ ಅಳಲು ಇದು. (ಸಾಹೇಬರು ಪ್ರೆಸ್ಸಿನಲ್ಲಿ ಕರಡು ತಿದ್ದುವವರು. ಮದುವೆ ಕಾಗದ ಕೈಗೆ ಕೊಟ್ಟರೆ ಮೊದಲು ಕಾಗುಣಿತ ನೋಡಿ, ಆಮೇಲೆ ಮದುವೆ ಯಾರದೆಂದು ನೋಡುತ್ತಾರೆ. ಬಿರುದು ಬಂದದ್ದು ಹಾಗೆ.)

ಮಾವನವರು ಹರೆಯದಲ್ಲಿ ಟ್ರಯಲ್ಸ್ ಸವಾರರು. ಟ್ರಯಲ್ಸ್ ಎಂದರೆ ವೇಗದ ಪಂದ್ಯವಲ್ಲ. ಬಂಡೆ, ಕೊಚ್ಚೆ, ಮರದ ಬೇರು, ಹಳ್ಳ ಎಲ್ಲದರ ಮೇಲೂ ಕಾಲು ನೆಲಕ್ಕೆ ತಾಗಿಸದೆ ಗಾಡಿ ಹತ್ತಿಸಿ ಇಳಿಸಬೇಕು. ಕಾಲೂರಿದವನು ಕೆಟ್ಟ. ಈಗ ಅವರು ಹಿರಿಯ ಮಗಳ ಮನೆಯಲ್ಲಿದ್ದಾರೆ. ಅಲ್ಲಿ ಎರಡು ಗಾಡಿಗೆ ಜಾಗವಿಲ್ಲವೆಂದು ಎರಡನ್ನೂ ಲಾರಿಗೆ ಏರಿಸಿ ಇಲ್ಲಿಗೆ ಕಳಿಸಿ, ಬೆನ್ನಿಗೇ ಫೋನ್ ಮಾಡಿದರು.

"ಅಳಿಯಂದಿರೇ, ಎರಡರಲ್ಲಿ ಒಂದೇ ಒರಿಜಿನಲ್. ಯಾವುದು ಅಂತ ಗುರುತು ಹಿಡಿದ್ರೆ ಅದು ನಿಮಗೆ. ಇಲ್ಲಾಂದ್ರೆ ದೊಡ್ಡ ಅಳಿಯಂದಿರಿಗೆ. ಭಾನುವಾರ ಬರ್ತೀನಿ."

ದೊಡ್ಡ ಅಳಿಯ! ಷಡ್ಡಕನ ಹೆಸರೆತ್ತಿದರೆ ಸಾಹೇಬರ ಹೊಟ್ಟೆಯಲ್ಲಿ ಕಿಚ್ಚು ಹತ್ತಿಕೊಳ್ಳುತ್ತದೆ. ಅವನ ಮನೆ ದೊಡ್ಡದು, ಕಾರು ದೊಡ್ಡದು, ನಗು ಕೂಡ ದೊಡ್ಡದು. ಎಲ್ಲ ವಿಷಯದಲ್ಲೂ ಒಂದು ಹೆಜ್ಜೆ ಮುಂದೆ. ಜೀವಮಾನದಲ್ಲಿ ಒಮ್ಮೆಯಾದರೂ ಅವನನ್ನು ಸೋಲಿಸಬೇಕು, ಅದೂ ಮಾವನ ಕಣ್ಣೆದುರಿಗೆ ಎಂದು ಸಾಹೇಬರು ಅಲ್ಲೇ ಭೀಷಣ ಪ್ರತಿಜ್ಞೆ ಮಾಡಿದರು.

"ಅಪ್ಪನ್ನೇ ಕೇಳಿಬಿಡಿ, ಹೇಳ್ತಾರೆ" ಎಂದಳು ಹೆಂಡತಿ.

"ಪರೀಕ್ಷೆ ಬರೆಯೋನು ಪ್ರಶ್ನೆಪತ್ರಿಕೆ ತೆಗೆದವರ ಹತ್ರಾನೇ ಹೋಗಿ ಉತ್ತರ ಕೇಳ್ತಾನೇನೇ?"

"ಹಾಗಾದ್ರೆ ಗಾಡಿ ಹಾಲ್‌ನಿಂದ ಆಚೆ ತಗೊಂಡು ಹೋಗಿ ಬರೀರಿ. ಸೋಫಾಕ್ಕೆಲ್ಲಾ ಗ್ರೀಸು."

ಸಾಹೇಬರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಳೇ ಬಿಡಿಭಾಗ ಮಾರುವ ಅಂಗಡಿಯವನೊಬ್ಬ ಅವರಿಗೆ ಜ್ಞಾನೋದಯ ಮಾಡಿಸಿದ್ದ. ಹ್ಯಾಂಡಲ್ಲಿನ ಕೆಳಗೆ ಫ್ರೇಮಿನ ಕತ್ತಿನ ಮೇಲೆ ಒಂದು ನಂಬರು ಒತ್ತಿರುತ್ತಾರೆ, ಎಂಜಿನ್ನಿನ ಹೊಟ್ಟೆಯ ಮೇಲೆ ಇನ್ನೊಂದು. ಕಾರ್ಖಾನೆಯಿಂದ ಹೊರಟಾಗ ಎರಡೂ ಒಂದೇ. ಇವತ್ತೂ ಒಂದೇ ಆಗಿದ್ದರೆ ಗಾಡಿ ಒರಿಜಿನಲ್. ಇಷ್ಟೇ ತಾನೇ! ಅಕ್ಷರ ಅಕ್ಷರ ಹೋಲಿಸಿ ನೋಡುವುದು ಸಾಹೇಬರ ಹೊಟ್ಟೆಪಾಡಿನ ಕೆಲಸವೇ ಅಲ್ಲವೇ?

ಆದರೆ ನಂಬರಿನ ಮೇಲೆ ಬಣ್ಣ, ಬಣ್ಣದ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಯಾವ ಕಾಲದ್ದೋ ಕೆಸರು. ಹೆಂಡತಿಯ ಉಗುರುಬಣ್ಣ ಅಳಿಸುವ ದ್ರಾವಣ ಖಾಲಿಯಾಯಿತು. ಹಲ್ಲುಜ್ಜುವ ಬ್ರಷ್ಷೂ ಹೋಯಿತು (ಯಾರದ್ದೆಂದು ಇಲ್ಲಿ ಹೇಳಿದರೆ ಮನೆಯಲ್ಲಿ ರಂಪವಾದೀತು). ಕೊನೆಗೂ ಅಂಕಿಗಳು ಕಂಡವು. ಕಂಡದ್ದೇ ತಡ, ಗೊಂದಲವೂ ಶುರುವಾಯಿತು. ನೆಲಕ್ಕೆ ಮಲಗಿ ನೋಡಿದರೆ ಆರು, ಎದ್ದು ಕೂತು ನೋಡಿದರೆ ಒಂಬತ್ತು. ಕನ್ನಡಕ ಹಾಕಿದರೆ ಮೂರು, ತೆಗೆದರೆ ಎಂಟು. ಕೆಂಪು ಗಾಡಿ ನೋಡಿ ಹಸಿರು ಗಾಡಿಯ ಹತ್ತಿರ ಬರುವಷ್ಟರಲ್ಲಿ ಕೆಂಪಿನ ನಂಬರು ಮರೆತುಹೋಗುತ್ತಿತ್ತು.

ಕಡೆಗೆ ಹೆಂಡತಿಯನ್ನು ಒಂದು ಗಾಡಿಯ ಪಕ್ಕ ಕೂರಿಸಿ, ತಾವು ಇನ್ನೊಂದರ ಅಡಿಗೆ ತೂರಿ, ಗಟ್ಟಿಯಾಗಿ ಓದಿ ಓದಿ ತಾಳೆ ನೋಡಿದರು. ಸಾಹೇಬರ ತಲೆ ಗಿರ್ರೆಂದಿತು. ಕೆಂಪು ಗಾಡಿಯ ಫ್ರೇಮಿಗೂ ಅದರ ಎಂಜಿನ್ನಿಗೂ ಹೊಂದಾಣಿಕೆಯಿಲ್ಲ. ಹಸಿರಿನದೂ ಅದೇ ಪಾಡು. ಆದರೆ ಕೆಂಪಿನ ಫ್ರೇಮಿನ ನಂಬರು ಹಸಿರಿನ ಎಂಜಿನ್ ಮೇಲಿದೆ, ಹಸಿರಿನ ಫ್ರೇಮಿನದು ಕೆಂಪಿನ ಎಂಜಿನ್ ಮೇಲಿದೆ!

"ಹಾಗಾದ್ರೆ ಒರಿಜಿನಲ್ ಯಾವುದ್ರೀ?"

"ಎರಡೂ ಅಲ್ಲ. ಎರಡೂ ಹೌದು. ಇರು, ಗಾಬರಿ ಮಾಡಬೇಡ."

"ನಾನೆಲ್ಲಿ ಗಾಬರಿ ಮಾಡ್ದೆ? ನಿಮ್ಮ ಮುಖಾನೇ ಬಿಳುಚಿಕೊಂಡಿದೆ."

ಸಾಹೇಬರು ಮೂಗಿಗೆ ಗ್ರೀಸು ಹತ್ತಿಸಿಕೊಂಡು ಯೋಚಿಸಿದರು. ಥಟ್ಟನೆ ಹೊಳೆಯಿತು. ಪ್ರೆಸ್ಸಿನಲ್ಲಿ ದಿನಬೆಳಗಾದರೆ ನೋಡುವ ತಪ್ಪೇ ಇದು: ಎರಡು ಸಾಲು ಅದಲುಬದಲಾಗಿವೆ. ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದರೆ ಮುಗಿಯಿತು. ಒಂದು ಒರಿಜಿನಲ್ ಕೇಳಿದ ಮಾವನಿಗೆ ಎರಡು!

ಹೆಂಡತಿ ಅಪ್ಪನ ಸ್ಪ್ಯಾನರುಗಳ ನಡುವೆಯೇ ಬೆಳೆದವಳು, ಬೋಲ್ಟು ಬಿಚ್ಚುವುದರಲ್ಲಿ ಗಂಡನಿಗಿಂತ ಗಟ್ಟಿಗಿತ್ತಿ. ಆದರೂ ಕೈ ಹಾಕುವ ಮೊದಲು ಒಂದು ಮಾತು ಕೇಳಿದಳು: "ಅಪ್ಪ ಗೊತ್ತಿಲ್ದೇ ಹೀಗೆ ಹಾಕಿರ್ತಾರಾ?"

"ಬರೆದವರಿಗೆ ತಮ್ಮ ತಪ್ಪು ಯಾವತ್ತೂ ಕಾಣೋದಿಲ್ಲ ಕಣೇ. ನಿನಗಿದೆಲ್ಲ ಅರ್ಥವಾಗಲ್ಲ, ಬಿಚ್ಚು."

ಎಂಜಿನ್ನುಗಳು ಇಳಿದವು. ಸಾಹೇಬರ ಸೊಂಟವೂ ಹಿಡಿದುಕೊಂಡಿತು. ಶನಿವಾರ ದೀಪ ಹಚ್ಚುವ ಹೊತ್ತಿಗೆ ನಂಬರುಗಳು ನಂಬರುಗಳೊಡನೆ ಸುಖವಾಗಿ ಕೂಡಿಕೊಂಡವು.

ಭಾನುವಾರ ಮಾವ ಬಂದರು. ಚಪ್ಪಲಿ ಬಿಟ್ಟವರೇ ನೀರೂ ಕೇಳದೆ ನೇರ ಕೆಂಪು ಗಾಡಿಯ ಹತ್ತಿರ ಹೋದರು. ನಂಬರಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಕಿಕ್ ಹೊಡೆದರು, ತಲೆ ವಾರೆ ಮಾಡಿ ಸದ್ದು ಕೇಳಿದರು. ಮುಖ ಸಪ್ಪಗಾಯಿತು.

"ಇದರ ಎಂಜಿನ್ ಎಲ್ಲಿ?"

"ಅದೇ ಮಾವ, ಒರಿಜಿನಲ್ಲು..." ಸಾಹೇಬರು ಹೆಮ್ಮೆಯಿಂದ ಆರಂಭಿಸಿ, ಮಾವನ ಹುಬ್ಬು ನೋಡಿ ಅಲ್ಲೇ ನಿಲ್ಲಿಸಿದರು.

"ಕಾರ್ಖಾನೆಯವರು ಇಟ್ಟಿದ್ದು ಬಂಡೆ ಹತ್ತುವಾಗ ಏದುಸಿರು ಬಿಡ್ತಿತ್ತು ಅಂತ ನಾನೇ ಕಿತ್ತು ಹಸಿರಿನದನ್ನ ಇದಕ್ಕೆ ಕೂರಿಸಿದ್ದೆ. ಆಮೇಲೆ ಒಂದು ಸಲಾನೂ ಕಾಲು ನೆಲಕ್ಕೆ ತಾಗಲಿಲ್ಲ. ನಾನು ಗೆದ್ದಿದ್ದೆಲ್ಲ ಆ ಜೋಡಿ ಮೇಲೆ. ಒರಿಜಿನಲ್ ಅಂದ್ರೆ ಅದು. ನೀವು ಅದನ್ನ ತಿದ್ದಿಬಿಟ್ರಾ?" ಮುದುಕರ ದನಿ ಸಣ್ಣದಾಯಿತು.

ಸಾಹೇಬರಿಗೆ ನಿಜಕ್ಕೂ ಅಯ್ಯೋ ಅನ್ನಿಸಿತು. ಷಡ್ಡಕ, ಪ್ರತಿಜ್ಞೆ ಎಲ್ಲ ಮರೆತೇ ಹೋಯಿತು. ಸ್ಪ್ಯಾನರು ಹಿಡಿದು ಮತ್ತೆ ನೆಲಕ್ಕೆ ಮಲಗಿದರು. ಮಾವ ಕುರ್ಚಿ ಎಳೆದುಕೊಂಡು ಪ್ರತಿ ಬೋಲ್ಟಿಗೂ ಟೀಕೆ ಮಾಡುತ್ತ ಕೂತರು. ಹೆಂಡತಿ ಅಪ್ಪನ ಪಕ್ಷ. ಸಂಜೆಯಾಗುವಷ್ಟರಲ್ಲಿ ನಂಬರುಗಳೆಲ್ಲ ಮೊದಲಿನಂತೆ ಅಡ್ಡಾದಿಡ್ಡಿಯಾದವು. ಮಾವ ಮತ್ತೆ ಕಿಕ್ ಹೊಡೆದರು. ಸದ್ದು ಕೇಳಿ ಕಣ್ಣಲ್ಲಿ ನೀರು ತುಂಬಿಕೊಂಡರು.

"ಈಗ ಹೇಳಿ ಅಳಿಯಂದಿರೇ, ಒರಿಜಿನಲ್ ಯಾವುದು?"

"ಇದೇ ಮಾವ. ನೀವು ಕೂತಿರೋದು."

"ಶಾಭಾಸ್! ಗಾಡಿ ನಿಮ್ಮದೇ."

ಸಾಹೇಬರು ಹಿಗ್ಗಿ ಹೀರೇಕಾಯಿಯಾದರು. ಗೆದ್ದೇಬಿಟ್ಟೆ, ಷಡ್ಡಕನ ಮೇಲೆ ಗೆದ್ದೇಬಿಟ್ಟೆ!

ಮಾವ ಸೀಟಿನಿಂದ ಇಳಿಯಲೇ ಇಲ್ಲ. "ಆದ್ರೆ ಅಳಿಯಂದಿರೇ, ಫ್ರೇಮು, ಎಂಜಿನ್ನು, ಸವಾರ ಮೂರೂ ಒಟ್ಟಿಗಿದ್ರೇನೇ ಅದು ಒರಿಜಿನಲ್ಲು. ಒಂದನ್ನ ಬಿಡಿಸಿದ್ರೆ ಏನಾಗುತ್ತೆ ಅಂತ ಈಗ ತಾನೇ ನೋಡಿದ್ರಲ್ಲ? ಇನ್ಮೇಲೆ ನಾನು ಇಲ್ಲೇ."

ಹೆಂಡತಿ ಆನಂದದಿಂದ ಅಕ್ಕನಿಗೆ ಫೋನ್ ಹಚ್ಚಿದಳು. ಸುದ್ದಿ ಹೇಳಿ ಫೋನನ್ನು ಸಾಹೇಬರ ಕಿವಿಗೆ ಹಿಡಿಯುವಷ್ಟರಲ್ಲಿ ಆ ಕಡೆಯಿಂದ ಷಡ್ಡಕನೇ ಮಾತಿಗೆ ಬಂದ. "ಗೆದ್ರಿ ಕಣ್ರೀ! ಅಭಿನಂದನೆ! ಮಾವನವರ ಸಾಮಾನು ಈಗಲೇ ಲಾರಿಗೆ ಹಾಕಿಸ್ತಾ ಇದ್ದೀನಿ." ಇಷ್ಟು ವರ್ಷಗಳಲ್ಲಿ ಅವನು ಸಾಹೇಬರನ್ನು ಮನಸಾರೆ ಹೊಗಳಿದ್ದು ಅದೇ ಮೊದಲು.